ಎಡಗೈ ಹೆಬ್ಬೆಟ್ಟು

ಸಿದ್ದಾಪುರದ ಸರ್ಕಾರಿ ಆಸ್ಪತ್ರೆ, ಹಿಂದಿನ ಕೋಣೆ.
ಮೇಜಿನ ಮೇಲೆ ಅಳತೆಪಟ್ಟಿ, ಶಾಯಿಪೆಟ್ಟಿಗೆ,
ನಂಬರು ಮಾತ್ರ ಬರೆದ ಬಿಳಿ ಟ್ಯೂಬುಗಳು.
ಕೆಲವದರಲ್ಲಿ ಮದ್ದು, ಉಳಿದದ್ದರಲ್ಲಿ ಬರೀ ಜಿಡ್ಡು.
ಯಾವುದು ಯಾವುದೆಂದು ನನಗೆ ಗೊತ್ತಿಲ್ಲ,
ದೇಚಮ್ಮ ಡಾಕ್ಟರಿಗೂ ಗೊತ್ತಿಲ್ಲ,
ಗೊತ್ತಿರುವ ಲಕೋಟೆ ಮಂಗಳೂರಿನ ಬೀರುವಿನೊಳಗೆ
ಬಾಯಿಗೆ ಅರಗು ಹಾಕಿಕೊಂಡು ಕೂತಿದೆ.

ಮೂವತ್ತೊಂದನೆಯವಳು ಬಾಗಿ.
ಮೆಣಸಿನ ಬಳ್ಳಿಗೆ ಹೊಡೆಯಲು ವರ್ಷವರ್ಷವೂ
ಮೈಲುತುತ್ತ, ಸುಣ್ಣ ಕಲಸಿ ಕಲಸಿ
ಬಚ್ಚಲಲ್ಲಿ ಮರೆತ ಸಾಬೂನಿನ ತುಂಡಿನ ಹಾಗೆ
ಒಣಗಿ ಸೀಳಿದ ಅಂಗೈ.
ಒಪ್ಪಿಗೆ ಪತ್ರ ಓದಿ ಹೇಳಿದೆ, ನಾಲ್ಕು ಪುಟ.
'ಯಾವಾಗ ಬೇಕಾದರೂ, ಕಾರಣ ಹೇಳದೆ, ಬಿಟ್ಟುಹೋಗಬಹುದು'
ಅನ್ನುವ ಸಾಲಿಗೆ ನಕ್ಕಳು.
ಲೈನ್‌ಮನೆಗೆ ಬಂದು ಇಪ್ಪತ್ತು ವರ್ಷ,
ಹೀಗೊಂದು ಮಾತು ಯಾರೂ ಹೇಳಿರಲಿಲ್ಲವಂತೆ.

ಎಡಗೈ ಹೆಬ್ಬೆಟ್ಟು ಒತ್ತಿಸಿದೆ.
ಕಾಗದದ ಮೇಲೆ ನೀಲಿ ಬೊಟ್ಟು.
ಗೆರೆಯಿಲ್ಲ, ಸುಳಿಯಿಲ್ಲ.
ಮತ್ತೆ ಒತ್ತಿದಳು. ಮತ್ತೆ ಬೊಟ್ಟು.
"ರೇಷನ್ ಅಂಗಡಿ ಮಿಷನ್ನಿಗೂ ನಾನು ಯಾರೂ ಅಲ್ಲ"
ಅಂದಳು; ದೂರಿನ ದನಿಯಲ್ಲಲ್ಲ,
ಬಸ್ಸಿನ ಹೊತ್ತು ಹೇಳುವ ದನಿಯಲ್ಲಿ.

ತೋರುಬೆರಳ ತುದಿಯಷ್ಟು ಮುಲಾಮು,
ರಾತ್ರಿ ಉಂಡಮೇಲೆ, ಎರಡೂ ಕೈಗೆ, ಹನ್ನೆರಡು ವಾರ.
ಬಂದಾಗಲೆಲ್ಲ ಟ್ಯೂಬು ತೂಗುತ್ತಿದ್ದೆ.
ಅವಳದು ಗ್ರಾಮಿನ ಲೆಕ್ಕಕ್ಕೆ ಸರಿಯಾಗಿ
ಇಳಿಯುತ್ತ ಬಂತು. ಎಲ್ಲರಿಗಿಂತ ಒಳ್ಳೆಯ ವಿದ್ಯಾರ್ಥಿ
ಎಂದು ಡಾಕ್ಟರಿಗೆ ಹೇಳಿದ್ದೂ ಉಂಟು.

ಆರನೆಯ ಭೇಟಿ, ಕಕ್ಕಡ ಕಳೆಯುವ ಹೊತ್ತು.
ಪ್ರಶ್ನೆ ಹದಿನಾಲ್ಕು: ಈ ನಡುವೆ ಬೇರೆ ಔಷಧಿ ತಗೊಂಡಿರಾ?
"ತಗೊಂಡೆ ಮೇಡಂ, ಮದ್ದುಸೊಪ್ಪಿನ ಪಾಯಸ, ಹದಿನೆಂಟಕ್ಕೆ,
ಎರಡು ಲೋಟ."
ಅದರಲ್ಲಿ ಹದಿನೆಂಟು ಮದ್ದು ಎಂದು ಊರೇ ಹೇಳುತ್ತದೆ.
ಫಾರಮಿನಲ್ಲಿ ಇದ್ದದ್ದು ಒಂದೇ ಚೌಕ.
ನಾನೂ ಹಿಂದಿನ ವಾರ ತಿಂದು
ಕೆಂಪು ಉಚ್ಚೆ ನೋಡಿ ನಕ್ಕವಳು;
'ಇಲ್ಲ' ಎಂದು ಗುರುತು ಹಾಕಿದೆ.
(ಈ ತಪ್ಪು ಇವತ್ತಿಗೂ ಯಾರಿಗೂ ಗೊತ್ತಿಲ್ಲ.)

ಹನ್ನೆರಡನೆಯ ವಾರ. ಮುಕ್ತಾಯದ ಪತ್ರ.
ಎಡ ಹೆಬ್ಬೆಟ್ಟಿಗೆ ಶಾಯಿ ಚಾಚಿದೆ.
ಕೈ ಸೆರಗಿನೊಳಗೆ ಹೋಯಿತು.
"ಅದು ಬೇಡ ಮೇಡಂ. ಬಲದ್ದು ಹಾಕ್ತೇನೆ."
ಹಾಕಿದಳು.
ಸುಳಿ ಬಂತು. ನಡುವೆ ಒಂದು ಕಣ್ಣು,
ಸುತ್ತ ಹದಿನೈದೋ ಹದಿನಾರೋ ಗೆರೆ,
ಅಂಚಿನವರೆಗೆ ಎಲ್ಲೂ ಹರಿಯದೆ.
ಎಡಗೈ ಬಿಡಿಸಿ ನೋಡಿದೆ.
ಜೂನ್ ತಿಂಗಳ ಅದೇ ಸಾಬೂನು.

ಟ್ಯೂಬಿನ ಅರ್ಧ ದಿನಾ ರಾತ್ರಿ ಅಕ್ಕ ತುಕ್ರುವಿಗೆ.
ಅವಳೂ ಅದೇ ಡ್ರಮ್ಮಿಗೆ ಕೈಹಾಕುವವಳು;
ಹೆಸರು ಕೊಡಲು ಬಂದ ದಿನ
ವಯಸ್ಸು ಎರಡು ವರ್ಷ ಹೆಚ್ಚಾಯಿತೆಂದು
ನಾನೇ ವಾಪಸು ಕಳಿಸಿದ್ದೆ.

ಮಂಗಳೂರಿನ ಅಂಕಿಸಂಖ್ಯೆಯವರು ಫೋನಿನಲ್ಲಿ ಬೇಜಾರಾದರು.
ನಿಯಮ ಮುರಿದಿದೆ, ಮೂವತ್ತೊಂದನ್ನು ತೆಗೆಯಿರಿ.
ಸಾರ್, ಒಂದೇ ಮೈ, ಒಂದೇ ನೀರು, ಒಂದೇ ತುತ್ತ,
ಒಂದು ಕೈ ಗುಣ, ಒಂದು ಕೈ ಹಾಗೇ,
ಇದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿ, ಅಂದೆ.
ಆಕೆ ದುಡಿಯುವುದು ಬಲಗೈಯಲ್ಲೋ ಎಡಗೈಯಲ್ಲೋ
ಕೇಳಿದ್ದೀರಾ, ಅಂದರು.
ಕೇಳಿರಲಿಲ್ಲ.

ಕೋಣೆಗೆ ಬೀಗ ಹಾಕಿ ಹೊರಬಂದರೆ
ಬೆಂಚಿನ ಮೇಲೆ ತುಕ್ರು, ತೊಡೆಯ ಮೇಲೆ ಮಡಚಿದ ಕೊಡೆ.
ಕೇಳುವ ಮೊದಲೇ ಎರಡೂ ಅಂಗೈ ಮುಂದೆ ಹಿಡಿದಳು.
ಅಭ್ಯಾಸಬಲ, ಅಳತೆಪಟ್ಟಿ ತೆಗೆದೆ.
ಎಡದ ಬಿರುಕು ನಾಲ್ಕು ಮಿಲಿಮೀಟರ್,
ಬಲದ್ದು ಮೂರೂವರೆ.

ಮೊದಲು ಎಷ್ಟಿತ್ತೆಂದು
ಯಾರೂ ಅಳೆದಿರಲಿಲ್ಲ.